‘ಒಳ್ಳೆ’ ಅಂದದ್ದೆಲ್ಲ ಹೊಗಳಿಕೆಯಲ್ಲ

ಪ್ರಶ್ನೆ: ಈಚೆಗೆ ಕನ್ನಡ ಕಲಿತವನು ನಾನು. ಬಾಡಿಗೆ ತಡವಾಯಿತೆಂದು ಮನೆ ಮಾಲೀಕರು ‘ಒಳ್ಳೆ ಮಾತಲ್ಲಿ ಹೇಳ್ತಾ ಇದೀನಿ’ ಅಂದರು. ಥ್ಯಾಂಕ್ಸ್ ಅಂದೆ. ‘ಒಳ್ಳೆ ಮಂಗನ ಥರ ಆಡ್ತೀಯಲ್ಲ’ ಎಂದು ಇನ್ನಷ್ಟು ರೇಗಿದರು. ಎರಡು ಸಲ ಹೊಗಳಿಯೂ ಸಿಟ್ಟೇಕೆ?

ಉತ್ತರ: ಈ ಮಂಗ ಆಗಾಗ ನನ್ನ ಮೇಜಿಗೆ ಬರುತ್ತಲೇ ಇರುತ್ತದೆ. ‘ಅದು ವ್ಯಂಗ್ಯ’ ಎಂದು ಹೇಳಿ ಕೈತೊಳೆದುಕೊಳ್ಳುವ ಮೇಷ್ಟ್ರುಗಳೇ ಹೆಚ್ಚು. ವ್ಯಂಗ್ಯ ಅಲ್ಲ ರೀ. ‘ಥರ’, ‘ಹಾಗೆ’ ಬರುವ ಹೋಲಿಕೆಯಲ್ಲಿ ‘ಒಳ್ಳೆ’ಗೆ ಮಂಗನ ಗುಣ ಕಟ್ಟಿಕೊಂಡು ಏನೂ ಆಗಬೇಕಿಲ್ಲ, ‘ಥೇಟ್’ ಅನ್ನುವ ಹಾಗೆ ಅದು ಹೋಲಿಕೆಗೆ ಒತ್ತು ಕೊಡುತ್ತದೆ, ಅಷ್ಟೆ. ಅನುಮಾನವಿದ್ದರೆ ‘ಯ’ ಸೇರಿಸಿ ನೋಡಿ. ‘ಒಳ್ಳೆಯ ಮಂಗನ ಥರ’ ಅಂದ ಕೂಡಲೇ ಬೈಗುಳ ಮಾಯವಾಗಿ, ಸಭ್ಯವಾದ ಮಂಗವೊಂದು ಬಂದು ಕೂರುತ್ತದೆ. ‘ಒಳ್ಳೆ ಏಟು ಬಿತ್ತು’ ಅನ್ನುವಲ್ಲಿ ಇದೇ ಪದ ಏಟಿನ ಜೋರನ್ನು ಹೇಳುತ್ತದೆ. ವ್ಯಂಗ್ಯವೇ ಬೇಕಿದ್ದರೆ ‘ಒಳ್ಳೇ ಆಸಾಮಿ ಕಣಯ್ಯ ನೀನು!’ ಇದೆ. ಅಲ್ಲಿ ‘ಳ್ಳೇ’ ಎಷ್ಟು ಉದ್ದವೋ ಅಷ್ಟು ಮುಳ್ಳು. ಬರಹದಲ್ಲಿ ಈ ಎಳೆತ ಕೇಳಿಸದು. ಆದ್ದರಿಂದ ಮೆಸೇಜಿನಲ್ಲಿ ಇದನ್ನು ಬಳಸಬೇಡಿ ಅನ್ನುವುದು ನನ್ನ ಪುಕ್ಕಲು ಸಲಹೆ.

ಇನ್ನು ಮಾಲೀಕರ ‘ಒಳ್ಳೆ ಮಾತು’. ಕೆಟ್ಟ ಮಾತು ಇನ್ನೂ ಬಾಕಿ ಇದೆ ಎಂದು ಅದರರ್ಥ. ಮೊದಲು ಬಾಡಿಗೆ ಕೊಡಿ, ವ್ಯಾಕರಣ ಆಮೇಲೆ.

ಪ್ರಶ್ನೆ: ವರದಿ ಕಳಿಸಿದ್ದಕ್ಕೆ ಸಾಹೇಬರು ಬರೀ ‘ಒಳ್ಳೇದು’ ಅಂದರು. ಮೆಚ್ಚಿದರೇ?

ಉತ್ತರ: ‘ಆಯಿತು’ ಅಂದರು. ಮೆಚ್ಚಿದ್ದರೆ ‘ಚೆನ್ನಾಗಿದೆ’ ಅನ್ನುತ್ತಿದ್ದರು.

ಪ್ರಶ್ನೆ: ‘ಒಳಗೆ’ + ‘ಎಲ್ಲ’ ಸೇರಿ ‘ಒಳ್ಳೆ’ ಆಯಿತಂತೆ, ನಿಜವೇ?

ಉತ್ತರ: ವಾಟ್ಸ್‌ಆ್ಯಪ್ ಪಂಡಿತರ ಕಷಾಯ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ಅದರ ಒಂದು ತ್ರಿಪದಿಯಲ್ಲೇ ‘ಒಳ್ಳಿತ್ತ’ ಇದೆ, ಬೆನ್ನಿಗೇ ‘ಪೊಲ್ಲದು’ ಇದೆ: ಒಳಿತು, ಕೆಡುಕು. ಬಂಡೆಯ ಮೇಲೆ ಕೊರೆದದ್ದು ಕಣ್ಣೆದುರಿಗಿರುವಾಗ ಸಂಧಿ ಬಿಡಿಸುವ ಆಟ ಯಾಕೆ?

ಪ್ರಶ್ನೆ: ನೀರೊಳ್ಳೆ ಹಾವು ಒಳ್ಳೆಯದಾದ್ದರಿಂದ ಆ ಹೆಸರೇ?

ಉತ್ತರ: ಅದು ಬೇರೆಯೇ ಪದ, ‘ಒಳ್ಳೆ’ ಅಂದರೇ ನೀರುಹಾವು. ಅದಕ್ಕೆ ವಿಷವಿಲ್ಲ, ಆದರೆ ಕಚ್ಚುತ್ತದೆ. ಹೆಸರು ನಂಬಿ ಯಾವ ಹಾವಿಗೂ ಕೈಹಾಕಬೇಡಿ. ತಮಿಳಿನ ‘ನಲ್ಲ ಪಾಂಬು’, ಅಂದರೆ ಒಳ್ಳೆಯ ಹಾವು, ನಮ್ಮ ನಾಗರಹಾವೇ.