ಫೀಡ್ ಮಾನದಂಡ ಪಾಲಿಸಿ ಅಂದರೆ ರೈತರು ಕೇಳುತ್ತಿಲ್ಲ, ಏನು ಮಾಡೋಣ?

ನಿಮ್ಮ ಪ್ರಶ್ನೆ ಓದಿದೆ. ದೇವನಹಳ್ಳಿ ಕಡೆ ನಾಲ್ಕೈದು ಹಸು ಸಾಕುವವರಿಗೆ ಫೀಡ್ (ಪಶು ಆಹಾರ) ಮತ್ತು ಹಾಲಿನ ಸುರಕ್ಷತೆ ಬಗ್ಗೆ ತರಬೇತಿ ಕೊಟ್ಟಿದ್ದೀರಿ, ಎಲ್ಲರೂ ತಲೆಯಾಡಿಸಿದ್ದಾರೆ, ಯಾರೂ ಏನೂ ಬದಲಾಯಿಸಿಲ್ಲ.

ನಾನೂ ಬೆಂಗಳೂರಿನ ಸುತ್ತಮುತ್ತ ಹಾಲಿನ ಸಂಘಗಳ ಜೊತೆ ಇದೇ ಕೆಲಸ ಮಾಡುತ್ತೇನೆ. ನನ್ನ ಪ್ರಕಾರ ಮೊದಲು ಫೀಡ್ ಅಂಗಡಿಗೆ ಹೋಗಬೇಕು, ಆಮೇಲೆ ಕೊಟ್ಟಿಗೆಗೆ. ತರಬೇತಿ, ಊಟ, ಫೋಟೋ ಎಲ್ಲ ಕೊನೆಗೆ.

ನಾಲ್ಕು ಹಸುವಿನ ಮನೆಗೆ ಎರಡು ಮೂರು ದಿನಕ್ಕೊಂದು ಮೂಟೆ ಬೇಕು. ಬಹಳ ಸಲ ಅದು ಸಾಲದ ಮೂಟೆ. ಸಾಲ ಕೊಟ್ಟವನ ಹತ್ತಿರ ಲ್ಯಾಬ್ ರಿಪೋರ್ಟ್ ಕೇಳೋಕಾಗುತ್ತಾ? ಅದೇ ಸಂಘದವರೆಲ್ಲ ಸೇರಿ ಒಟ್ಟಿಗೆ ಆರ್ಡರ್ ಕೊಟ್ಟರೆ ಅಂಗಡಿಯವನೇ ಚೀಲ ತಿರುಗಿಸಿ ಐಎಸ್‌ಐ ಗುರುತು ತೋರಿಸುತ್ತಾನೆ. ಹಸುವಿನ ಫೀಡ್‌ಗೆ ಐಎಸ್ 2052 ಅಂತ ಮಾನಕ ಇದೆ. ತೇವಾಂಶ 11 ಪರ್ಸೆಂಟ್ ದಾಟಬಾರದು, ಬೂಷ್ಟಿನಿಂದ ಬರುವ ವಿಷ ಅಫ್ಲಾಟಾಕ್ಸಿನ್ ಬಿ1 ಕೆಜಿಗೆ 20 ಮೈಕ್ರೋಗ್ರಾಂ ಮೀರಬಾರದು. ರೈತರಿಗೆ ಈ ನಂಬರ್ ಹೇಳಬೇಡಿ, ಅಂಗಡಿಯವನಿಗೆ ಹೇಳಿ.

ಕೊಟ್ಟಿಗೆಯಲ್ಲಿ ಬೇರೆ ಮಾತು. ಹೋದ ತಕ್ಷಣ ಮೂಟೆ ಎಲ್ಲಿದೆ ನೋಡಿ. ಸಾಮಾನ್ಯವಾಗಿ ಗೋಡೆಗೆ ಒರಗಿಸಿ ಬರಿ ಸಿಮೆಂಟ್ ನೆಲದ ಮೇಲೆ ಇರುತ್ತದೆ, ಪಕ್ಕದಲ್ಲೇ ನೀರಿನ ಡ್ರಮ್ಮು. ಕೆಳಗಿನ ಮೂಲೆಗೆ ಕೈ ಹಾಕಿದರೆ ಗಂಟು ಗಂಟು ಸಿಗುತ್ತದೆ. ಒಡೆದರೆ ಒಳಗೆ ಹಸಿರು ಬೂಷ್ಟು, ಮುಗ್ಗು ವಾಸನೆ. ಅದನ್ನು ಮನೆಯವರ ಕೈಗೇ ಕೊಟ್ಟು ಮೂಸಲು ಹೇಳಿ. ‘ಬಿಸಿಲಿಗೆ ಹಾಕಿ ಕೊಡ್ತೀವಿ ಸಾರ್’ ಅನ್ನುತ್ತಾರೆ. ಒಣಗಿಸಿದರೆ ಬೂಷ್ಟು ಮುಂದೆ ಹಬ್ಬುವುದು ನಿಲ್ಲಬಹುದು, ಆಗಲೇ ಸೇರಿರುವ ವಿಷ ಹೋಗುವುದಿಲ್ಲ. ಹಸು ತಿಂದ ಮೇಲೆ ಒಂದು ದಿನದೊಳಗೆ ಆ ವಿಷದಲ್ಲಿ ಸ್ವಲ್ಪ ಭಾಗ ಅಫ್ಲಾಟಾಕ್ಸಿನ್ ಎಂ1 ಅನ್ನುವ ರೂಪಕ್ಕೆ ತಿರುಗಿ ಹಾಲಿಗೆ ಬರುತ್ತದೆ. ಹಾಲು ಕಾಯಿಸಿದರೂ ಹೋಗಲ್ಲ. 2018ರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ದೇಶಾದ್ಯಂತ 6,432 ಹಾಲಿನ ಮಾದರಿ ನೋಡಿತ್ತು. ಕಲಬೆರಕೆಗಿಂತ ಈ ಎಂ1 ಜಾಸ್ತಿ ಕಂಡಿತ್ತು.

ಆದರೆ ಡೈರಿ ಚೀಟಿಯಲ್ಲಿ ಬರುವುದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎರಡೇ. ಅಫ್ಲಾಟಾಕ್ಸಿನ್ ಇಲ್ಲದ ಹಾಲಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗಲ್ಲ. ಹಾಗಿದ್ದಾಗ ಗ್ರಾಹಕರ ಆರೋಗ್ಯ ಅಂತ ಭಾಷಣ ಮಾಡಿದರೆ ಯಾಕೆ ಕೇಳಬೇಕು ಅವರು? ಅವರ ಹಸುವಿನ ಮಾತು ಎತ್ತಿ. ಬೂಷ್ಟು ಹಿಡಿದ ಹಿಂಡಿ ತಿಂದ ಹಸು ಮೇವು ಬಿಡುತ್ತದೆ, ಲಿವರ್ ಕೆಡುತ್ತದೆ, ಹಾಲು ಇಳಿಯುತ್ತದೆ. ಇದು ತಟ್ಟನೆ ಅರ್ಥವಾಗುತ್ತದೆ. ನೆಲದಿಂದ ಗೇಣು ಎತ್ತರಕ್ಕೆ ಹಲಗೆ, ಗೋಡೆಯಿಂದ ಸ್ವಲ್ಪ ದೂರ, ಹಳೇ ಮೂಟೆ ಮೊದಲು ಖಾಲಿ. ಖರ್ಚು ಹೆಚ್ಚುಕಮ್ಮಿ ಸೊನ್ನೆ. ಕಡ್ಲೇಕಾಯಿ ಹಿಂಡಿ, ಮುಸುಕಿನ ಜೋಳ, ಹತ್ತಿಕಾಳು ಹಿಂಡಿ ಮೇಲೆ ಮಳೆಗಾಲದಲ್ಲಿ ವಿಶೇಷ ಕಣ್ಣಿರಲಿ. ನಗರದ ಅಂಚಿನಲ್ಲಿ ಮಾರ್ಕೆಟ್ ತರಕಾರಿ ಕಸ, ಕೊಳಚೆ ನೀರಿನ ಕೆರೆ ಅಂಚಿನ ಹುಲ್ಲು ಹಾಕುವವರೂ ಇದ್ದಾರೆ. ಅದಕ್ಕೆ ಯಾವ ಚೀಲದ ಮೇಲಿನ ಗುರುತೂ ಕೆಲಸಕ್ಕೆ ಬರಲ್ಲ, ಕೂತು ಮಾತಾಡಬೇಕು.

ಅನುಮಾನ ಬಂದರೆ ಮಾದರಿ ಕಳಿಸಿ. ಒಂದೇ ಮೂಟೆಯ ಮೇಲಿನಿಂದ ಒಂದು ಹಿಡಿ ತೆಗೆದರೆ ಪ್ರಯೋಜನವಿಲ್ಲ, ಬೂಷ್ಟು ಎಲ್ಲ ಕಡೆ ಒಂದೇ ಸಮ ಹಬ್ಬಿರಲ್ಲ. ಐದಾರು ಮೂಟೆಗಳ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ. ಪರೀಕ್ಷೆ ಎಲ್ಲಿ ಮಾಡಿಸುವುದು ಅಂತ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ವಿಚಾರಿಸಿ.

ಇನ್ನು ಔಷಧಿ. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲು ಗೊತ್ತಿಲ್ಲದೆ ಕ್ಯಾನ್‌ಗೆ ಸೇರುವುದು ಸಾಮಾನ್ಯವಾಗಿ ಮರೆವಿನಿಂದ. ಅಪ್ಪ ಇಂಜೆಕ್ಷನ್ ಹಾಕಿಸಿರುತ್ತಾರೆ, ಸಂಜೆ ಸೊಸೆ ಹಾಲು ಕರೆಯುತ್ತಾರೆ. ಹಸುವಿನ ಕಾಲಿಗೆ ಕೆಂಪು ಬಟ್ಟೆ ಕಟ್ಟಿಸಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಯಾವತ್ತಿನವರೆಗೆ ಹಾಲು ಹಾಕಬಾರದು ಅಂತ ಬರೆಸಿ. ಎಷ್ಟು ದಿನ ಅನ್ನುವುದು ಆ ಔಷಧಿಯ ಮೇಲಿರುತ್ತದೆ, ಡಾಕ್ಟರನ್ನು ಕೇಳಿ ಅವರ ಎದುರಿಗೇ ಬರೆಸಿದರೆ ಇನ್ನೂ ಒಳ್ಳೆಯದು. ರಿಜಿಸ್ಟರ್ ಪುಸ್ತಕ ಹಂಚಲು ಹೋಗಬೇಡಿ, ಮಕ್ಕಳು ಅದರಲ್ಲಿ ಲೆಕ್ಕ ಮಾಡುತ್ತಾರೆ.