ಬಾನೆಟ್ ಎತ್ತದೆ ಕಾರು ತಗೋತೀರಾ? ವಾಚೂ ಅಷ್ಟೇ

ಪ್ರಶ್ನೆ ಹಾಕಿದ ಗೆಳೆಯರಿಗೆ ನಮಸ್ಕಾರ. ನಿಮ್ಮ ಪೋಸ್ಟ್ ನಿನ್ನೆ ರಾತ್ರಿಯೇ ಓದಿದೆ. 76ರ ಪ್ರೀಮಿಯರ್ ಪದ್ಮಿನಿ ಕಾರಿನ ಕೆಲಸ ಮುಗೀತು, ಪೇಂಟೂ ಆಯ್ತು, ಈಗ ಅದಕ್ಕೆ ಒಪ್ಪುವ ಒಂದು ಒಳ್ಳೆ ವಾಚ್ ಬೇಕು, ಬಜೆಟ್ 50 ಸಾವಿರ, ಪರಿಚಯದವರೊಬ್ಬರು ಹಳೆ ಸ್ವಿಸ್ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ವಾಚ್) ಒಂದನ್ನು 42 ಸಾವಿರಕ್ಕೆ ಕೊಡುತ್ತಿದ್ದಾರೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಆಗಲೇ ಕೆಲವರು "ಬಿಡಬೇಡಿ, ಒಳ್ಳೆ ಇನ್ವೆಸ್ಟ್‌ಮೆಂಟ್" ಅಂತ ಹೇಳಿದ್ದಾರೆ. ನಾನು ಬೇಡ ಅನ್ನುವ ಪಾರ್ಟಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ನಿಮ್ಮ ಫೋಟೋ. ದೊಡ್ಡದು ಮಾಡಿ ನೋಡಿದೆ. 6ರ ಕೆಳಗೆ 'ಸ್ವಿಸ್ ಮೇಡ್' ಅಂತ ಇದೆಯಲ್ಲ, ಆ ಬರಹ ಎಡಕ್ಕೆ ಜಾರಿದೆ. ನಿಮಿಷದ ಗೆರೆಗಳು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಬಲಗಡೆಯ ಚಿಕ್ಕ ಡಯಲ್‌ನ ವೃತ್ತಕ್ಕೂ ಅದರ ಮುಳ್ಳು ಕೂತಿರುವ ಜಾಗಕ್ಕೂ ಹೊಂದಿಕೆಯೇ ಇಲ್ಲ. ಕೇಸ್‌ನ ಅಂಚುಗಳೆಲ್ಲ ಪಾಲಿಶ್ ತಿಂದು ತಿಂದು ಬಳಸಿದ ಸೋಪಿನ ಹಾಗೆ ಸವೆದಿವೆ, ಆದರೆ ಡಯಲ್ ಮಾತ್ರ ನಿನ್ನೆ ಪ್ರಿಂಟ್ ಆದ ಮದುವೆ ಕಾರ್ಡಿನ ಹಾಗೆ ಬೆಳ್ಳಗಿದೆ. ಐವತ್ತು ವರ್ಷದ ಕಾರಿನ ಬಂಪರ್ ತುಕ್ಕು ಹಿಡಿದು, ಡೋರ್ ಮಾತ್ರ ಫಳಫಳ ಹೊಳೆಯುತ್ತಿದ್ದರೆ ನೀವೇನು ಅಂದುಕೊಳ್ಳುತ್ತೀರಿ? ಎಲ್ಲೋ ಗುದ್ದಿಸಿ ಟಿಂಕರಿಂಗ್ ಮಾಡಿಸಿದ್ದಾರೆ ಅಂತ ತಾನೇ. ಇದೂ ಅದೇ. ಡಯಲ್‌ಗೆ ಹೊಸದಾಗಿ ಬಣ್ಣ ಹಾಕಿ ಅಕ್ಷರ ಒತ್ತಿದ್ದಾರೆ. ನಮ್ಮ ದೇಶದಲ್ಲಿ ಈ ಕೆಲಸ ಎಷ್ಟು ನಡೆಯುತ್ತದೆ ಅಂದರೆ, ಹೊರದೇಶದ ಸಂಗ್ರಾಹಕರು ಇಂಥ ವಾಚಿಗೆ 'ಮುಂಬೈ ಸ್ಪೆಷಲ್' ಅಂತಲೇ ಹೆಸರಿಟ್ಟಿದ್ದಾರೆ. ಹೊಗಳಿಕೆ ಅಲ್ಲ ಅದು.

ನಾನೇನು ಹುಟ್ಟುತ್ತಲೇ ಇದನ್ನೆಲ್ಲ ಕಲಿತವನಲ್ಲ. ನನ್ನ ಮೊದಲ 'ವಿಂಟೇಜ್' ವಾಚಿಗೆ 13 ಸಾವಿರ ಕೊಟ್ಟಿದ್ದೆ. ನೀಲಿ ಡಯಲ್, ಕಿತ್ತಳೆ ಮುಳ್ಳು, ನೋಡಿದ ತಕ್ಷಣ ರೇಸ್ ಕಾರಿನ ಡ್ಯಾಶ್‌ಬೋರ್ಡ್ ನೆನಪಾಗಿ ಕೈ ಜೇಬಿಗೆ ಹೋಯಿತು. ಮೂರು ತಿಂಗಳಿಗೆ ಡಯಲ್ ಒಳಗೇ ಅಲುಗಾಡಲು ಶುರುವಾಯಿತು. ರಿಪೇರಿಯವರು ಬಿಚ್ಚಿ ತೋರಿಸಿದರು. ಡಯಲ್‌ನ ಹಿಂದೆ ಎರಡು ಪುಟ್ಟ ಕಾಲು ಇರುತ್ತವೆ, ಮೆಷಿನ್‌ನ ತೂತಿಗೆ ಅವು ಕೂರಬೇಕು. ನನ್ನದರಲ್ಲಿ ಎರಡೂ ಕಾಲು ಕತ್ತರಿಸಿ ಅಂಟು ಹಾಕಿ ಕೂರಿಸಿದ್ದರು. ಅಂದರೆ ಡಯಲ್ ಒಂದು ವಾಚಿನದು, ಮೆಷಿನ್ ಇನ್ನೊಂದರದ್ದು, ಕೇಸ್ ಮೂರನೆಯದರದ್ದು. ಫಿಯಟ್ ಕಾರಿನೊಳಗೆ ಜೀಪಿನ ಎಂಜಿನ್ ಕೂರಿಸಿದ ಹಾಗೆ. ಮಾರಿದವರಿಗೆ ಫೋನ್ ಮಾಡಿದರೆ "ಓಡ್ತಾ ಇದೆಯಲ್ಲ ಸಾರ್, ಇನ್ನೇನು" ಅಂದರು. ನಿಜ, ಓಡುತ್ತಿತ್ತು.

ಈಗ ಕ್ರೋನೋಗ್ರಾಫ್ ಮೇಲೆ ನಿಮಗೆ ಯಾಕೆ ಆಸೆ ಅನ್ನುವುದು. ಅರ್ಥವಾಗುತ್ತದೆ. ಕಾರಿನವರಿಗೂ ಆ ವಾಚಿಗೂ ಇರುವ ನಂಟು ಬರೀ ಜಾಹೀರಾತಿನದ್ದಲ್ಲ. ಒಮೆಗಾ ಸ್ಪೀಡ್‌ಮಾಸ್ಟರ್ ಅಂದರೆ ಎಲ್ಲರೂ ಚಂದ್ರನ ಮೇಲೆ ಹೋದ ವಾಚ್ ಅನ್ನುತ್ತಾರೆ, ಆದರೆ 1957ರಲ್ಲಿ ಅದು ಬಂದದ್ದು ರೇಸ್ ಮತ್ತು ಆಟೋಟದವರಿಗಾಗಿ. ವೇಗದ ಅಳತೆಪಟ್ಟಿಯನ್ನು ಡಯಲ್‌ನಿಂದ ಎತ್ತಿ ಹೊರಗಿನ ರಿಂಗ್ ಮೇಲೆ ಇಟ್ಟದ್ದೂ ಅದರಲ್ಲೇ ಮೊದಲು. ನಾಸಾ ಪರೀಕ್ಷೆ ಪಾಸಾಗಿದ್ದು ಆಮೇಲೆ, 1965ರಲ್ಲಿ. ಹೋಯರ್ ಕಂಪನಿಯ ಕರೇರಾ ವಾಚ್ 1963ರದ್ದು. ಮೆಕ್ಸಿಕೋದಲ್ಲಿ 1950ರಿಂದ 54ರವರೆಗೆ ನಡೆದ ಕರೇರಾ ಪನಾಮೆರಿಕಾನಾ ಅನ್ನುವ ಭಯಂಕರ ರಸ್ತೆ ರೇಸಿನ ಹೆಸರು ಆ ಕಂಪನಿಯ ಜ್ಯಾಕ್ ಹೋಯರ್ ಕಿವಿಗೆ ಬಿದ್ದು, ಆ ಪದದ ಸದ್ದು ಹಿಡಿಸಿ ಇಟ್ಟ ಹೆಸರು ಅದು. ಅದೇ ವರ್ಷ ರೋಲೆಕ್ಸ್‌ನ ಡೇಟೋನಾ ಬಂತು. ಈಗ ಅದಕ್ಕೆ ಕ್ಯೂ ನಿಲ್ಲುತ್ತಾರೆ, ಆಗ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟ ಡೇಟೋನಾದ ಹಿಂದೆ 'ಹುಷಾರಾಗಿ ಓಡಿಸು, ನಾನು' ಅನ್ನುವ ಅರ್ಥದ ಮಾತು ಕೆತ್ತಿಸಿದ್ದರು. ಆತ ಸುಮ್ಮನೆ ಸಿನಿಮಾದ ರೇಸರ್ ಅಲ್ಲ, 1979ರಲ್ಲಿ ಲ ಮಾನ್ಸ್ 24 ಗಂಟೆ ರೇಸಿನಲ್ಲಿ ಅವರ ತಂಡ ಎರಡನೇ ಸ್ಥಾನ ಪಡೆದಿತ್ತು. ಆ ವಾಚ್ 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಡಾಲರ್, ರೂಪಾಯಿ ಅಲ್ಲ. ಇನ್ವೆಸ್ಟ್‌ಮೆಂಟ್ ಅನ್ನುವವರ ಬಾಯಲ್ಲಿ ಬರುವುದು ಯಾವಾಗಲೂ ಈ ಒಂದೇ ಕಥೆ. ಅದರ ಬೆಲೆ ಆ ಮನುಷ್ಯನದು, ಆ ಕೆತ್ತನೆಯದು. ನಿಮಗೆ ಬಂದಿರುವ ವಾಚಿನಲ್ಲಿ ಎರಡೂ ಇಲ್ಲ.

ಕ್ರೋನೋಗ್ರಾಫಿನ ನಿಜವಾದ ಉಪಯೋಗ ಒಂದು ಹೇಳುತ್ತೇನೆ, ಹಳೆ ಕಾರಿನವರಿಗೆ ಬಹಳ ಕೆಲಸಕ್ಕೆ ಬರುತ್ತದೆ. ರಿಂಗ್ ಮೇಲೆ 60, 80, 100, 120 ಅಂತ ಅಂಕಿ ಇರುತ್ತವಲ್ಲ, ಅದು ಟ್ಯಾಕಿಮೀಟರ್. 3600ನ್ನು ಸೆಕೆಂಡಿನಿಂದ ಭಾಗಿಸಿದ ಲೆಕ್ಕ, ಅಷ್ಟೇ. ಒಂದು ಕಿಲೋಮೀಟರ್ ಕಲ್ಲು ದಾಟುವಾಗ ಒತ್ತಿ, ಮುಂದಿನ ಕಲ್ಲಿಗೆ ಮತ್ತೆ ಒತ್ತಿದರೆ ಮುಳ್ಳು ನಿಂತ ಜಾಗದಲ್ಲಿರುವುದೇ ನಿಮ್ಮ ವೇಗ. 45 ಸೆಕೆಂಡ್ ಆದರೆ 80, 36 ಆದರೆ 100. ಮೈಸೂರಿಂದ ಹುಣಸೂರು ಕಡೆ ಹೋಗುವಾಗ ನನ್ನ ಫಿಯಟ್‌ನಲ್ಲಿ ಇದನ್ನು ಮಾಡಿದೆ. ನಾನು ಸ್ಪೀಡೋಮೀಟರಿನ ಮುಳ್ಳು ಅಲ್ಲಾಡದ ಹಾಗೆ 82ರಲ್ಲಿ ಹಿಡಿದುಕೊಂಡಿದ್ದೆ, ಪಕ್ಕದಲ್ಲಿ ನನ್ನ ಹೆಂಡತಿ ವಾಚ್ ಒತ್ತಿದಳು. 48 ಸೆಕೆಂಡ್. ಅಂದರೆ 75. ಮೂರು ಸಲ ಮಾಡಿದರೂ ಅಷ್ಟೇ. ಕೇಬಲ್ ಬದಲಾಯಿಸಿ ಸ್ಪೀಡೋಮೀಟರ್ ಸರಿಯಾಗಿದೆ ಅಂತ ಮೆಕ್ಯಾನಿಕ್ ಆಣೆ ಹಾಕಿದ್ದರು! ಫೋನಿನ ಜಿಪಿಎಸ್ಸೂ ಇದನ್ನೇ ಹೇಳುತ್ತದೆ, ಗೊತ್ತು, ಆದರೆ ಅದರಲ್ಲಿ ಏನು ಮಜಾ ಇದೆ ಹೇಳಿ. ಓಡಿಸುವವರು ಮಾತ್ರ ಒತ್ತಬೇಡಿ, ಪಕ್ಕದವರು ಒತ್ತಲಿ.

ಸರಿ, ನಿಮ್ಮ 50 ಸಾವಿರಕ್ಕೆ ಬರೋಣ. ನಾನಾಗಿದ್ದರೆ ಮೊದಲು ಒಂದು ಎಚ್‌ಎಂಟಿ ತಗೊಳ್ಳುತ್ತಿದ್ದೆ. ನಗಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಲ್ಲಿ ವಾಚ್ ಫ್ಯಾಕ್ಟರಿ ಶುರುವಾಯಿತು. ಅದೇ ವರ್ಷ ಇತ್ತ ಮೈಸೂರಲ್ಲಿ ಜಾವಾ ಬೈಕ್ ತಯಾರಿಕೆ ಶುರು. ನಿಮ್ಮ ಪದ್ಮಿನಿಯನ್ನು ಶೋರೂಮಿನಿಂದ ತಂದವರ ಕೈಯಲ್ಲಿ ಇದ್ದದ್ದು ಬಹುಶಃ ಎಚ್‌ಎಂಟಿಯ ಜನತಾ ಅಥವಾ ಪೈಲಟ್ ಮಾದರಿ, ಸ್ವಿಸ್ ಕ್ರೋನೋಗ್ರಾಫ್ ಅಂತೂ ಅಲ್ಲ. ಕಾರಿಗೆ ಒಪ್ಪುವ ವಾಚ್ ಅಂದಿರಲ್ಲ, ಇದಕ್ಕಿಂತ ಇನ್ಯಾವುದು ಒಪ್ಪುತ್ತದೆ? ಪೈಲಟ್‌ನ ಕಪ್ಪು ಡಯಲ್, ದಪ್ಪ ಬಿಳಿ ಅಂಕಿ, ಸ್ಟೇರಿಂಗ್ ಹಿಡಿದಾಗ ಒಂದೇ ನೋಟಕ್ಕೆ ಸಮಯ ಕಾಣುತ್ತದೆ. 17 ಜ್ಯುವೆಲ್, ಬೆಳಿಗ್ಗೆ ಕೀ ಕೊಟ್ಟರೆ ಮಾರನೇ ದಿನದವರೆಗೆ ನಿಶ್ಚಿಂತೆ. ಜ್ಯುವೆಲ್ ಅಂದರೆ ಒಡವೆ ಅಲ್ಲ, ಎಂಜಿನ್‌ನಲ್ಲಿ ಬೇರಿಂಗ್ ಇದ್ದ ಹಾಗೆ ಚಕ್ರದ ಅಚ್ಚು ತಿರುಗಲು ಇಟ್ಟ ಕೃತಕ ಮಾಣಿಕ್ಯ. ಕೆಲವೇ ಸಾವಿರಕ್ಕೆ ಸಿಗುತ್ತದೆ, ಹಳೇ ಕೈಗಳಿಗೆ ಅದರ ರಿಪೇರಿ ಕಣ್ಣು ಮುಚ್ಚಿ ಬರುತ್ತದೆ. ಫ್ಯಾಕ್ಟರಿ ಮುಚ್ಚುವ ತೀರ್ಮಾನ 2016ರಲ್ಲಿ ಆದಮೇಲೆ ಆಸೆ ಪಡುವವರು ಜಾಸ್ತಿಯಾದರು, ಅದರ ಜೊತೆಗೆ ಬಣ್ಣ ಹಚ್ಚುವವರೂ. ಕಂಪನಿ ಎಂದೂ ಮಾಡದ ಗುಲಾಬಿ, ಗಿಳಿಹಸಿರು ಡಯಲ್‌ಗಳು ಓಡಾಡುತ್ತಿವೆ. ಬೆಂಗಳೂರಿಗೆ ಹೋದಾಗ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರ್‌ನಲ್ಲಿ ಒಂದು ಮಧ್ಯಾಹ್ನ ಕಳೆಯಿರಿ. ಅಸಲಿ ಹೇಗಿತ್ತು ಅನ್ನುವುದು ಒಮ್ಮೆ ಕಣ್ಣಲ್ಲಿ ಕೂತರೆ ನಕಲಿ ತಾನಾಗಿ ಚುಚ್ಚುತ್ತದೆ.

ಕ್ರೋನೋಗ್ರಾಫ್ ಬೇಕೇ ಬೇಕು ಅಂದರೆ ಎರಡು ದಾರಿ. ಓಡಿಸಲು, ಗ್ಯಾರೇಜಿಗೆ ಅಂತ ಹೊಸ ಜಪಾನೀ ಕ್ವಾರ್ಟ್ಸ್ ಒಂದು ತಗೊಳ್ಳಿ, ಟ್ಯಾಕಿಮೀಟರ್ ಇರುವಂಥದ್ದು. ಬ್ಯಾಟರಿ ವಾಚ್ ಅಂತ ಮೂಗು ಮುರಿಯುವವರು ಇರುತ್ತಾರೆ, ಇರಲಿ ಬಿಡಿ. ಇಲ್ಲ, ಕೀ ಕೊಡುವುದೇ ಬೇಕು ಅಂದರೆ ಚೀನಾದ ಸೀಗಲ್ ಕಂಪನಿಯ 1963 ಅನ್ನುವ ಮಾದರಿ ನೋಡಿ. ಸ್ವಿಸ್ ವೀನಸ್ 175 ಅನ್ನುವ ಹಳೆ ಮೆಷಿನ್‌ನ ಅಚ್ಚು ಮತ್ತು ಯಂತ್ರಗಳನ್ನು ಚೀನಾದವರು ಕೊಂಡು ತಂದು, ಅದರಿಂದ ಬೆಳೆಸಿದ್ದು. ಒತ್ತಿದಾಗ ಬೆರಳಿಗೆ ಸಿಗುವ ಆ ಮೃದುವಾದ 'ಟಕ್', ಅದಕ್ಕೇ ಕೊಡಬಹುದು ದುಡ್ಡು. ಹೊರಗಿನಿಂದ ತರಿಸಿದರೆ ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ. ನೀರು ಮಾತ್ರ ತಾಗಿಸಬೇಡಿ.

ಒಂದು ಎಚ್‌ಎಂಟಿ, ಇವುಗಳಲ್ಲಿ ಒಂದು, ಎರಡಕ್ಕೂ ಸೇರಿ 50 ಸಾವಿರ ಮುಟ್ಟುವುದಿಲ್ಲ. ಉಳಿದದ್ದು ಸರ್ವಿಸ್‌ಗೆ ಇರಲಿ. ಇಲ್ಲೇ ಎಲ್ಲರೂ ಎಡವುವುದು. ಕಾರಿಗೆ ಪ್ರತಿ ವರ್ಷ ಆಯಿಲ್ ಬದಲಾಯಿಸುವವರು ವಾಚಿನಲ್ಲೂ ಆಯಿಲ್ ಇದೆ ಅನ್ನುವುದನ್ನು ಮರೆಯುತ್ತಾರೆ. ಐದಾರು ವರ್ಷಕ್ಕೆ ಅದು ಒಣಗಿ ಅಂಟಾಗುತ್ತದೆ, ಆಮೇಲೆ ಲೋಹಕ್ಕೆ ಲೋಹ ತಿಕ್ಕುತ್ತದೆ. ಸಾದಾ ಮೂರು ಮುಳ್ಳಿನ ವಾಚಿಗೆ ಸರ್ವಿಸ್ ದೊಡ್ಡ ವಿಷಯ ಅಲ್ಲ. ಹಳೆ ಸ್ವಿಸ್ ಕ್ರೋನೋಗ್ರಾಫ್ ಆದರೆ ಬಿಚ್ಚಿ ಜೋಡಿಸಬಲ್ಲ ಕೈ ಸಿಗುವುದೇ ಕಷ್ಟ, ಬಿಲ್ಲು ಹತ್ತಾರು ಸಾವಿರಕ್ಕೆ ಹೋಗಬಹುದು. 42 ಸಾವಿರದ ವಾಚ್ ನಿಮಗೆ 42ಕ್ಕೆ ಬೀಳುವುದಿಲ್ಲ ಅಂತ ನಾನು ಹೇಳುತ್ತಿರುವುದು ಇದಕ್ಕೇ.

ಮುಂದೆ ಯಾವುದನ್ನು ನೋಡಲು ಹೋದರೂ ಇಷ್ಟು ಮಾಡಿ. ಪೂರ್ತಿ ಕೀ ಕೊಡಿ, ಕರಕರ ಅನ್ನದೆ ಒಂದೇ ಸಮ ತಿರುಗಬೇಕು. ಕ್ರೋನೋಗ್ರಾಫ್ ಶುರು ಮಾಡಿ ಅರ್ಧ ಗಂಟೆ ಓಡಲು ಬಿಡಿ, ಅಷ್ಟರಲ್ಲಿ ಮಾರುವವರ ಜೊತೆ ಕಾರಿನ ಮಾತಾಡಿ. ಮುಳ್ಳು ಮಧ್ಯದಲ್ಲಿ ನಿಲ್ಲುತ್ತದಾ, ನಿಮಿಷದ ಎಣಿಕೆ ಬೀಳುತ್ತದಾ, ರೀಸೆಟ್ ಒತ್ತಿದರೆ ಕ್ರೋನೋಗ್ರಾಫಿನ ಮುಳ್ಳುಗಳೆಲ್ಲ ನೆಟ್ಟಗೆ ಸೊನ್ನೆಗೆ ಬರುತ್ತವಾ ನೋಡಿ. ಒಂದು ಗೆರೆ ಆಚೀಚೆ ನಿಂತರೂ ಒಳಗೆ ಯಾರೋ ಕೈ ಹಾಕಿರಬಹುದು. ವಾಚಿನ ಟಿಕ್ ಟಿಕ್ ಕೇಳಿ ಓಟ ಅಳೆಯುವ ಟೈಮಿಂಗ್ ಮೆಷಿನ್ ಇರುವ ಅಂಗಡಿಯಾದರೆ ಅದರ ಮೇಲೆ ಇಡಿಸಿ. ಆಂಪ್ಲಿಟ್ಯೂಡ್ ಅಂತ ಒಂದು ಅಂಕಿ ಬರುತ್ತದೆ, ಅಂದರೆ ಒಳಗಿನ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ಓಲಾಡುತ್ತದೆ ಅನ್ನುವುದು, ಅದು ಎಂಜಿನ್‌ನ ಕಂಪ್ರೆಷನ್ ಇದ್ದ ಹಾಗೆ. ಪೂರ್ತಿ ಕೀ ಕೊಟ್ಟು ಮಲಗಿಸಿದಾಗ 250 ಡಿಗ್ರಿ ದಾಟಿದರೆ ಸಮಾಧಾನ, 200ರ ಕೆಳಗೆ ಇದ್ದರೆ ಸರ್ವಿಸ್ ಖರ್ಚನ್ನು ಬೆಲೆಯಲ್ಲಿ ಮುರಿಯಿರಿ.

ಕಾರಿನವರಿಗೆ ಅಂತಲೇ ಇನ್ನೆರಡು ಮಾತು. ಒಂದು, ಅಯಸ್ಕಾಂತ. ಕೆಲಸ ಮಾಡುವಾಗ ವಾಚ್ ಬಿಚ್ಚಿ ಡೋರ್ ಪಾಕೆಟ್‌ನಲ್ಲಿ ಇಡುವ ಅಭ್ಯಾಸ ನನಗಿತ್ತು. ಅದರ ಹಿಂದೆಯೇ ಸ್ಪೀಕರ್. ಒಂದು ಸೋಮವಾರ ನೋಡಿದರೆ ವಾಚ್ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ಪ್ರಿಂಗ್ ಗಿಡ್ಡವಾದ ಹಾಗಾಗಿ ವಾಚ್ ಓಟ ಕೀಳುತ್ತದೆ. ಹೆದರಬೇಡಿ, ಅಯಸ್ಕಾಂತ ತೆಗೆಯುವ ಪುಟ್ಟ ಡಬ್ಬಿ ಸಿಗುತ್ತದೆ, ಒಂದು ನಿಮಿಷದ ಕೆಲಸ. ಡ್ಯಾಶ್‌ಬೋರ್ಡಿನ ಮ್ಯಾಗ್ನೆಟ್ ಫೋನ್ ಹೋಲ್ಡರ್, ಬೋಲ್ಟ್ ಹಾಕುವ ಮ್ಯಾಗ್ನೆಟ್ ತಟ್ಟೆ, ಇವುಗಳ ಹತ್ತಿರವೂ ಇಡಬೇಡಿ.

ಇನ್ನೊಂದು ತಮಾಷೆಯ ವಿಷಯ ಅಲ್ಲ. ಸ್ಟೀಲ್ ಚೈನಿನ ವಾಚ್ ಕಟ್ಟಿಕೊಂಡು ಬ್ಯಾಟರಿ ಹತ್ತಿರ ಕೈ ಹಾಕಬೇಡಿ. ಚೈನ್‌ನ ಒಂದು ಕಡೆ ಪಾಸಿಟಿವ್‌ಗೆ, ಇನ್ನೊಂದು ಕಡೆ ಕಾರಿನ ಮೈಗೆ ತಾಗಿದರೆ ಮುಗೀತು. 12 ವೋಲ್ಟ್ ತಾನೇ ಅನ್ನಬೇಡಿ, ಶಾಕ್ ಹೊಡೆಯುವುದಿಲ್ಲ, ಆದರೆ ನೂರಾರು ಆಂಪಿಯರ್ ಹರಿದು ಚೈನ್ ಕ್ಷಣದಲ್ಲಿ ಕೆಂಡವಾಗುತ್ತದೆ, ಮಣಿಕಟ್ಟಿನ ಸುತ್ತ ಸುಡುತ್ತದೆ. ಉಂಗುರಕ್ಕೂ ಇದೇ ಮಾತು. ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಹೊಸ ಪೇಂಟ್ ಮೇಲೆ ಬಕಲ್ ಉಜ್ಜಿ ಗೀರು ಬೀಳುವುದೂ ತಪ್ಪುತ್ತದೆ.

ಬಿಲ್ ಬಗ್ಗೆ ಕೆಳಗೆ ಯಾರೋ ಕೇಳಿದ್ದರು: 10 ಲಕ್ಷ ದಾಟಿದ ಕಾರಿಗೆ 1% ಟಿಸಿಎಸ್ (ಮಾರುವವರೇ ಬಿಲ್ಲಿನ ಜೊತೆ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರಲ್ಲ, 2025ರ ಏಪ್ರಿಲ್‌ನಿಂದ ಆ ಬೆಲೆಯ ವಾಚಿಗೂ ಬಂದಿದೆ. ನಮ್ಮಂಥವರು ತಲೆ ಕೆಡಿಸಿಕೊಳ್ಳುವ ಅಗತ್ಯ ಇಲ್ಲ.

ಇಷ್ಟೆಲ್ಲ ಓದಿಯೂ ಆ ಕ್ರೋನೋಗ್ರಾಫ್ ಮನಸ್ಸಿನಿಂದ ಹೋಗದಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಹಿಂದಿನ ಮುಚ್ಚಳ ತೆಗೆಸಿ ಫೋಟೋ ಹಾಕಿ. ಓಲಾಡುವ ಬ್ಯಾಲೆನ್ಸ್ ಚಕ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಮೆಷಿನ್ ಮಾಡಿದವರ ಗುರುತು, ನಂಬರ್ ಸಾಮಾನ್ಯವಾಗಿ ಇರುತ್ತದೆ, ಅದು ಕಾಣಬೇಕು. ಟಾರ್ಚ್ ಪಕ್ಕದಿಂದ ಹಿಡಿಯಿರಿ. ಮೇಲಿಂದ ಹಿಡಿದರೆ ಬರೀ ಹೊಳಪು ಬರುತ್ತದೆ, ಓದಲು ಆಗುವುದಿಲ್ಲ.