ನಿಮ್ಮ ಹೊಲದ ಬೋರು, ಯಾರ ನೀರು?

ಪತ್ರ: “ನನ್ನ ಜಮೀನಿನಲ್ಲಿ ನನ್ನ ಹಣದಿಂದ ಕೊರೆಸಿದ ಬೋರಿನ ನೀರು ನನ್ನದು. ಆಸ್ತಿಯ ಹಕ್ಕನ್ನು ಕಾಯುವುದಷ್ಟೇ ಸರ್ಕಾರದ ಕೆಲಸ. ನೀರಿನ ವಿಷಯಕ್ಕೆ ಅದು ಕೈಹಾಕಬಾರದು.” — ಕೋಲಾರ ಜಿಲ್ಲೆಯ ಓದುಗರೊಬ್ಬರು

ಉತ್ತರ: ಪಹಣಿಯಲ್ಲಿ ಒಂದು ಹೆಸರು ತಿದ್ದಿಸಲು ತಾಲ್ಲೂಕು ಕಚೇರಿಗೆ ಅಲೆದವರು, ಭೂಸ್ವಾಧೀನದ ನೋಟಿಸಿಗೆ ಬೆಚ್ಚಿದವರು ಆಸ್ತಿಯ ಹಕ್ಕನ್ನು ಹಗುರವಾಗಿ ಕಾಣಲಾರರು. 1978ರ 44ನೆಯ ತಿದ್ದುಪಡಿ ಅದನ್ನು ಮೂಲಭೂತ ಹಕ್ಕುಗಳಿಂದ ಹೊರಗಿಟ್ಟದ್ದಕ್ಕೆ ಮರುಗುವವರ ಮಾತಿನಲ್ಲಿಯೂ ಹುರುಳಿದೆ.

ಆದರೆ ಅದೊಂದೇ ಹಕ್ಕಿನ ಮೇಲೆ ಇಡೀ ರಾಜಕೀಯ ತತ್ತ್ವವನ್ನು ನಿಲ್ಲಿಸಹೊರಟರೆ, ಅದು ಮೊದಲು ಸೋಲುವುದು ನೀವು ಆರಿಸಿಕೊಂಡ ನೀರಿನಲ್ಲಿಯೇ. ಗೊತ್ತಾದ ಪಾತ್ರದಲ್ಲಿ ಹರಿಯದ ನೆಲದಡಿಯ ನೀರನ್ನು ತನ್ನ ಎಲ್ಲೆಯೊಳಗೆ ಸಂಗ್ರಹಿಸುವ ಹಕ್ಕನ್ನು 1882ರ ಈಸ್‌ಮೆಂಟ್ಸ್ ಕಾಯಿದೆ (ಪರರ ನೆಲದ ಮೇಲಿನ ಬಳಕೆಯ ಹಕ್ಕುಗಳ ಕಾಯಿದೆ) ಭೂಮಾಲೀಕನದೆಂದೇ ಹೇಳಿತು. ಅದಕ್ಕೂ ಮೊದಲು, 1843ರಲ್ಲಿ, ಪಕ್ಕದ ಕಲ್ಲಿದ್ದಲು ಗಣಿಯಿಂದಾಗಿ ಬಾವಿ ಬತ್ತಿತೆಂದು ಲ್ಯಾಂಕಷೈರಿನ ಗಿರಣಿಯವನೊಬ್ಬ ದಾವೆ ಹೂಡಿದಾಗ, ಗಣಿಯವನು ಅಗೆದದ್ದು ತನ್ನ ನೆಲವನ್ನೇ ಆದ್ದರಿಂದ ಪರಿಹಾರವಿಲ್ಲವೆಂದು ಇಂಗ್ಲೆಂಡಿನ ನ್ಯಾಯಾಲಯ ತೀರ್ಪಿತ್ತಿತ್ತು. ಇಬ್ಬರೂ ಆಸ್ತಿವಂತರೇ, ಗೆದ್ದವನು ಆಳಕ್ಕೆ ತೋಡಿದವನು. ನಿಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನಡುವೆ ನಡೆಯುತ್ತಿರುವುದೂ ಇದೇ ಪಂದ್ಯ. ಬೋರು ಬತ್ತಿದ ನೆರೆಯ ರೈತನಿಗೆ ನಿಮ್ಮ ತತ್ತ್ವವು ‘ಇನ್ನೂ ಆಳಕ್ಕೆ ಕೊರೆಸು’ ಎನ್ನುವುದಕ್ಕಿಂತ ಹೆಚ್ಚೇನನ್ನು ಹೇಳಬಲ್ಲದು?

ಈ ತೊಡಕು ಆ ತತ್ತ್ವದ ಹಿರಿಯರಿಗೇ ತಿಳಿದಿತ್ತು. ದುಡಿಮೆ ಬೆರೆತದ್ದು ದುಡಿದವನ ಸೊತ್ತು ಎಂದ ಹದಿನೇಳನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್, ಇತರರಿಗೂ ಸಾಕಷ್ಟು ಉಳಿದಿರಬೇಕು, ಅದೂ ಅಷ್ಟೇ ಒಳ್ಳೆಯದಾಗಿರಬೇಕು ಎಂಬ ಷರತ್ತನ್ನು ಜೊತೆಗೇ ಇಟ್ಟಿದ್ದ. ಆಸ್ತಿ ಹಕ್ಕಿನ ಕಟ್ಟಾ ಪ್ರತಿಪಾದಕನಾದ ಅಮೆರಿಕದ ತತ್ತ್ವಜ್ಞಾನಿ ರಾಬರ್ಟ್ ನೋಝಿಕ್ ಕೂಡ, ಮರುಭೂಮಿಯಲ್ಲಿ ಇರುವ ಒಂದೇ ನೀರಿನ ನೆಲೆಯನ್ನು ವಶಪಡಿಸಿಕೊಂಡು ಮನಬಂದ ಬೆಲೆ ಕೇಳುವಂತಿಲ್ಲವೆಂದು 1974ರಲ್ಲಿ ಬರೆದ. ಇವರ ಹೆಸರು ಹೇಳಿ ವಾದಕ್ಕಿಳಿಯುವವರು ಈ ಪುಟಗಳನ್ನೇ ಹಾರಿಸಿ ಓದುತ್ತಾರೇಕೋ! ನೀವು ಚೆನ್ನಾಗಿ ಓದಿಕೊಂಡವರೆಂದು ಪತ್ರದ ಬರವಣಿಗೆಯೇ ಹೇಳುತ್ತದೆ. ಆ ಸಲುಗೆಯಿಂದಲೇ ಗದರುತ್ತಿದ್ದೇನೆ.

ನಿಮ್ಮ ಸೀಮೆಯ ಕೆರೆಗಳಲ್ಲಿ ನೀರುಗಂಟಿಯು ತೂಬೆತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ. ಆ ಏರ್ಪಾಡಿನೊಳಗೆ ಜಾತಿಯ ಮೇಲುಕೀಳೂ ಇತ್ತು, ಮುಚ್ಚಿಡಬೇಕಿಲ್ಲ. ಆದರೂ ನೀರು ‘ನನ್ನದು’ ಮತ್ತು ‘ಸರ್ಕಾರದ್ದು’ ಎಂಬೆರಡೇ ದಾರಿಗಳಲ್ಲಿ ಸಾಗಬೇಕಿಲ್ಲವೆಂಬುದಕ್ಕೆ ಅದು ಸಾಕ್ಷಿ. ಲಾಸ್ ಏಂಜಲೀಸ್ ಬಳಿಯ ಬಾವಿದಾರರು ತಾವೇ ಕೂಡಿ ಅಂತರ್ಜಲ ಉಳಿಸಿಕೊಂಡ ಬಗೆಯನ್ನು ಸಂಶೋಧಿಸಿ 1965ರಲ್ಲಿ ಡಾಕ್ಟರೇಟ್ ಪಡೆದ ಎಲಿನಾರ್ ಆಸ್ಟ್ರಮ್, ಇಂಥದೇ ಹಂಚಿಕೆಗಳ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಾವಾದರೋ ರಾಜಕಾಲುವೆ ಮುಚ್ಚಿ ಸೈಟು ಮಾಡಿದೆವು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದೆವು, ಮಳೆಗಾಲದಲ್ಲಿ ಮನೆಗೆ ನುಗ್ಗಿದ ನೀರಿಗೆ ಪಾಲಿಕೆಯನ್ನು ಬೈದೆವು.

ಇನ್ನು, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ನಿಮ್ಮ ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತಿದೆ. ಅದರ ಗುಣಮಟ್ಟದ ತಕರಾರು ಬೇರೆ. ಸಾರ್ವಜನಿಕರ ಹಣದಲ್ಲಿ ಬಂದ ಆ ನೀರು ಇಂಗಿ ಬೋರುಗಳಿಗೆ ಸೇರಿದ ಮೇಲೆ ಅದು ಯಾರದೆಂಬ ಪ್ರಶ್ನೆಗೆ ನಿಮ್ಮ ಉತ್ತರವನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಿ, ಪ್ರಕಟಿಸುತ್ತೇನೆ.